ವರ್ಸೇಲ್ಸ್ ಅರಮನೆಯ ಉದ್ಯಾನಗಳ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಸೇಲ್ಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಇತಿಹಾಸ ಪಾಠದಲ್ಲಿ ಬರುವ 1919ರ ಒಪ್ಪಂದ, ಅದಾದ ಮೇಲೆ ಕನ್ನಡಿಗಳ ಸಭಾಂಗಣ. ಆದರೆ ಆ ಸಭಾಂಗಣದ ಕಿಟಕಿಗಳು ತೆರೆದುಕೊಳ್ಳುವುದು ಒಂದು ಉದ್ಯಾನದತ್ತ. ಸಭಾಂಗಣವನ್ನು ಕಟ್ಟಿಸಿದ ದೊರೆ 14ನೇ ಲೂಯಿ ಅರಮನೆಗಿಂತ ಮೊದಲು ಕೈಹಾಕಿದ್ದು ಈ ಉದ್ಯಾನಕ್ಕೇ. ಆ ಉದ್ಯಾನದ ಬಗ್ಗೆ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಹೂವು, ಮರ, ಶಿಲ್ಪಗಳಿಗಿಂತ ನೀರಿನ ಮಾತೇ ಇಲ್ಲಿ ಹೆಚ್ಚು ಬರುತ್ತದೆ. ಅದು ಏಕೆ ಎಂಬುದು ಓದುತ್ತ ಹೋದಂತೆ ಸ್ಪಷ್ಟವಾಗುತ್ತದೆ.

ವರ್ಸೇಲ್ಸ್ ಎಲ್ಲಿದೆ, ಉದ್ಯಾನ ಎಷ್ಟು ದೊಡ್ಡದು?

ಪ್ಯಾರಿಸ್ ನಗರದಿಂದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಫ್ರೆಂಚರು ಅದನ್ನು ಹೆಚ್ಚುಕಡಿಮೆ ‘ವೆರ್ಸಾಯ್’ ಎಂದು ಉಚ್ಚರಿಸುತ್ತಾರೆ. ಕನ್ನಡದಲ್ಲಿ ಬಳಕೆಯಾಗಿ ಉಳಿದಿರುವ ‘ವರ್ಸೇಲ್ಸ್’ ಎಂಬ ರೂಪವನ್ನೇ ಇಲ್ಲಿ ಇಟ್ಟುಕೊಂಡಿದ್ದೇವೆ. ಅರಮನೆ, ಉದ್ಯಾನ, ತ್ರಿಯಾನೋನ್ ಎಂಬ ಚಿಕ್ಕ ಅರಮನೆಗಳು ಮತ್ತು ಸುತ್ತಲ ವನಪ್ರದೇಶ ಎಲ್ಲ ಸೇರಿ ಇಂದು ಸುಮಾರು 800 ಹೆಕ್ಟೇರ್, ಅಂದರೆ ಎರಡು ಸಾವಿರ ಎಕರೆಗೆ ಸ್ವಲ್ಪ ಕಡಿಮೆ. ರಾಜರ ಕಾಲದಲ್ಲಿ ಬೇಟೆಯ ಕಾಡೂ ಸೇರಿಕೊಂಡು ಇದು ಹಲವು ಪಟ್ಟು ದೊಡ್ಡದಾಗಿತ್ತು. ಆ ಇಡೀ ಪ್ರದೇಶವನ್ನು ಬಳಸಿದ್ದ ಗೋಡೆಯೇ 43 ಕಿಲೋಮೀಟರ್ ಉದ್ದವಿತ್ತು.

ಉದ್ಯಾನಕ್ಕಿಂತ ಮೊದಲು ಆ ಜಾಗದಲ್ಲಿ ಏನಿತ್ತು?

ಒಂದು ಹಳ್ಳಿ, ಸುತ್ತ ಕಾಡು, ತಗ್ಗಿನಲ್ಲಿ ಜೌಗು ನೆಲ. ಬೇಟೆಯ ಹುಚ್ಚಿದ್ದ ಫ್ರಾನ್ಸಿನ ದೊರೆ 13ನೇ ಲೂಯಿ 1623ರ ಸುಮಾರಿಗೆ ದಿಬ್ಬದ ಮೇಲೆ ತಂಗಲು ಒಂದು ಸಣ್ಣ ಬೇಟೆಮನೆ ಕಟ್ಟಿಸಿ, 1631ರಿಂದ ಅದನ್ನು ಇಟ್ಟಿಗೆ ಮತ್ತು ಕಲ್ಲಿನ ಪುಟ್ಟ ಅರಮನೆಯಾಗಿ ಹಿಗ್ಗಿಸಿದ. ಅದರ ಹಿಂದೆ ಒಂದು ಮಿತವಾದ ತೋಟವೂ ಇತ್ತು. ಮುಂದೆ 14ನೇ ಲೂಯಿಯ ಆಸ್ಥಾನವನ್ನು ಕಣ್ಣಾರೆ ಕಂಡು ಬರೆದ ಸೇಂತ್-ಸಿಮೋಂ ಎಂಬ ಶ್ರೀಮಂತನ ಪ್ರಕಾರ ಇಡೀ ನಾಡಿನಲ್ಲಿ ತೋಟ ಮಾಡಲು ಇದಕ್ಕಿಂತ ಅಯೋಗ್ಯವಾದ ಜಾಗ ಸಿಗುತ್ತಿರಲಿಲ್ಲ: ನೋಟವಿಲ್ಲ, ನೀರಿಲ್ಲ, ಒಳ್ಳೆಯ ಮಣ್ಣಿಲ್ಲ. ಸೇಂತ್-ಸಿಮೋಂಗೆ ದೊರೆಯ ಮೇಲೆ ಅಸಮಾಧಾನವಿದ್ದದ್ದು ನಿಜ, ಆದರೆ ನೀರಿನ ವಿಷಯದಲ್ಲಿ ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ಅರಮನೆ ದಿಬ್ಬದ ಮೇಲಿದೆ, ಹತ್ತಿರದಲ್ಲಿ ಹೇಳಿಕೊಳ್ಳುವಂಥ ನದಿ ಇಲ್ಲ, ತಗ್ಗಿನಲ್ಲಿ ನಿಂತ ನೀರು ಕೊಳೆಯುತ್ತಿತ್ತು. ಬೇಕಾದ ಕಡೆ ನೀರಿಲ್ಲ, ಬೇಡದ ಕಡೆ ನೀರು.

14ನೇ ಲೂಯಿ ಈ ಕೆಲಸಕ್ಕೆ ಕೈಹಾಕಿದ್ದು ಹೇಗೆ?

1661ರಲ್ಲಿ, ತನ್ನ 22ನೇ ವಯಸ್ಸಿನಲ್ಲಿ, ಆಡಳಿತವನ್ನು ನೇರವಾಗಿ ಕೈಗೆ ತೆಗೆದುಕೊಂಡ ವರ್ಷವೇ. ಆ ಆಗಸ್ಟ್ 17ರಂದು ಹಣಕಾಸಿನ ಮೇಲ್ವಿಚಾರಕ ನಿಕೊಲಾ ಫೂಕೆ ತಾನು ಹೊಸದಾಗಿ ಕಟ್ಟಿಸಿದ ವೋ-ಲ-ವಿಕೋಂತ್ ಎಂಬ ಅರಮನೆಗೆ ದೊರೆಯನ್ನು ಔತಣಕ್ಕೆ ಕರೆದ. ಕಾರಂಜಿಗಳು, ನಾಟಕ, ಬಾಣಬಿರುಸು, ಎಲ್ಲವೂ ದೊರೆಯಲ್ಲಿ ಇದ್ದದ್ದಕ್ಕಿಂತ ಒಂದು ಕೈ ಮೇಲಾಗಿಯೇ ಇದ್ದವು. ಮೂರು ವಾರ ಕಳೆಯುವಷ್ಟರಲ್ಲಿ ಫೂಕೆ ಸೆರೆಯಲ್ಲಿದ್ದ. ಮತ್ತೆ ಅವನು ಹೊರಗೆ ಬರಲೇ ಇಲ್ಲ. ಆ ಔತಣವೇ ಅವನನ್ನು ಕೆಡಿಸಿತು ಎಂಬ ಕಥೆ ಜನಪ್ರಿಯವಾದರೂ ಬಂಧನದ ತಯಾರಿ ಅದಕ್ಕೂ ಮೊದಲೇ ನಡೆದಿತ್ತು. ಔತಣದ ನಿಜವಾದ ಫಲ ಬೇರೆ. ಅಲ್ಲಿ ದುಡಿದಿದ್ದ ವಾಸ್ತುಶಿಲ್ಪಿ ಲ ವೋ, ಚಿತ್ರಕಾರ ಲ ಬ್ರೂನ್, ತೋಟಗಾರ ಲ ನೋತ್ರ್ ಮೂವರೂ ದೊರೆಯ ಕೆಲಸಕ್ಕೆ ಬಂದರು. ಫೂಕೆಯ ಕಿತ್ತಳೆ ಗಿಡಗಳು ಕೂಡ ಅವರ ಹಿಂದೆಯೇ ವರ್ಸೇಲ್ಸ್‌ಗೆ ಸಾಗಿದವು.

ಉದ್ಯಾನ ಸಿದ್ಧವಾಗುವ ಮೊದಲೇ ದೊರೆ ಅದನ್ನು ಬಳಸತೊಡಗಿದ. 1664ರ ಮೇ ತಿಂಗಳಲ್ಲಿ ಹಲವು ದಿನ ನಡೆದ ಉತ್ಸವದಲ್ಲಿ ಮೊಲಿಯೇರನ ನಾಟಕಗಳು ಇಲ್ಲಿ ಆಡಲ್ಪಟ್ಟವು. ಆಸ್ಥಾನ ಮತ್ತು ಸರ್ಕಾರ ಇಲ್ಲಿಗೆ ನೆಲೆ ಬದಲಿಸಿದ್ದು 1682ರ ಮೇ 6ರಂದು. ಅಷ್ಟರಲ್ಲಿ ತೋಟಕ್ಕೆ ಇಪ್ಪತ್ತು ವರ್ಷ ವಯಸ್ಸಾಗಿತ್ತು.

ಆಂದ್ರೆ ಲ ನೋತ್ರ್ ಯಾರು?

ಅಪ್ಪ ಅಜ್ಜಂದಿರ ಕಾಲದಿಂದ ಅರಮನೆಯ ತೋಟಗಾರಿಕೆಯನ್ನೇ ನಂಬಿದ್ದ ಮನೆತನದಲ್ಲಿ 1613ರಲ್ಲಿ ಹುಟ್ಟಿದವನು. ಆ ಮನೆತನ ನೋಡಿಕೊಳ್ಳುತ್ತಿದ್ದದ್ದು ಪ್ಯಾರಿಸ್ಸಿನ ತ್ವಿಲರೀ ತೋಟವನ್ನು. ಎಳವೆಯಲ್ಲಿ ಚಿತ್ರಕಲೆಯನ್ನೂ ಕಲಿತಿದ್ದ. ದೊರೆ 1675ರಲ್ಲಿ ಅವನಿಗೆ ಶ್ರೀಮಂತ ಪದವಿ ಕೊಟ್ಟು ಲಾಂಛನ ಆರಿಸಿಕೊಳ್ಳಲು ಹೇಳಿದಾಗ, ತನಗೆ ಮೂರು ಬಸವನಹುಳುಗಳೂ ಅವುಗಳ ಮೇಲೊಂದು ಎಲೆಕೋಸೂ ಸಾಕು ಎಂದನಂತೆ. 1700ರಲ್ಲಿ, ಲ ನೋತ್ರ್ ಸಾಯುವುದಕ್ಕೆ ಸ್ವಲ್ಪ ಮೊದಲು, ಗಾಲಿಕುರ್ಚಿಯಲ್ಲಿ ಕೂತ ದೊರೆ ತನ್ನ ಪಕ್ಕದಲ್ಲೇ ಇನ್ನೊಂದು ಗಾಲಿಕುರ್ಚಿಯಲ್ಲಿ ಈ ಮುದುಕನನ್ನು ಕೂರಿಸಿಕೊಂಡು ತೋಟ ಸುತ್ತಿಸಿದನೆಂದು ಸೇಂತ್-ಸಿಮೋಂ ಬರೆದಿದ್ದಾನೆ. ಯಾರ ಬಗ್ಗೆಯೂ ಸುಲಭವಾಗಿ ಒಳ್ಳೆಯ ಮಾತಾಡದ ಆ ಬರಹಗಾರ ಲ ನೋತ್ರ್ ವಿಷಯದಲ್ಲಿ ಮಾತ್ರ ಮೃದುವಾಗುತ್ತಾನೆ.

ಆದರೆ ಇಡೀ ಉದ್ಯಾನ ಒಬ್ಬನ ಕೃತಿ ಎನ್ನುವುದು ಸರಿಯಲ್ಲ. ಶಿಲ್ಪಗಳ ಕಲ್ಪನೆ ಹೆಚ್ಚಾಗಿ ಲ ಬ್ರೂನನದು, ನೀರಿನ ಕೆಲಸ ಫ್ರಾಂಸಿನ್ ಸೋದರರದು, 1680ರ ದಶಕದಿಂದ ಕಲ್ಲುಕಟ್ಟಡದ ಭಾಗಗಳು ವಾಸ್ತುಶಿಲ್ಪಿ ಆರ್ದುವೆಂ-ಮಾನ್ಸಾರನವು. ಈ ಮಾನ್ಸಾರ್ ಒಂದು ತೋಪಿನ ನಡುವೆ ಅಮೃತಶಿಲೆಯ ಕಂಬಸಾಲನ್ನು ಎಬ್ಬಿಸಿದಾಗ ದೊರೆ ಲ ನೋತ್ರನ ಅಭಿಪ್ರಾಯ ಕೇಳಿದ. ‘ಗಾರೆಯವನನ್ನು ತೋಟಗಾರನನ್ನಾಗಿ ಮಾಡಿದಿರಿ, ಅವನು ತನ್ನ ಕಸುಬಿನ ಅಡುಗೆಯನ್ನೇ ಬಡಿಸಿದ್ದಾನೆ’ ಎಂಬ ಅರ್ಥದ ಉತ್ತರ ಬಂತು ಎನ್ನುತ್ತಾರೆ.

ಈ ಉದ್ಯಾನದ ವಿನ್ಯಾಸದಲ್ಲಿ ಅಂಥ ವಿಶೇಷವೇನಿದೆ?

ಅರಮನೆಯ ನಡುಮಧ್ಯದಿಂದ ಪಶ್ಚಿಮಕ್ಕೆ ಒಂದು ನೇರ ಗೆರೆ ಎಳೆದು, ಅದರ ಮೇಲೆ ಎಲ್ಲವನ್ನೂ ಪೋಣಿಸಲಾಗಿದೆ. ಮೊದಲು ಆಕಾಶವನ್ನು ಪ್ರತಿಬಿಂಬಿಸುವ ಎರಡು ಚಪ್ಪಟೆ ಕೊಳಗಳು, ಮೆಟ್ಟಿಲಿಳಿದರೆ ಲಟೋನಾ ಕಾರಂಜಿ, ಮುಂದೆ 335 ಮೀಟರ್ ಉದ್ದದ ಹುಲ್ಲುಹಾಸು, ಆಮೇಲೆ ಅಪೊಲೊ ಕೊಳ, ಕೊನೆಗೆ ಮಹಾ ಕಾಲುವೆ. ಮೇಲಿನ ಜಗಲಿಯಲ್ಲಿ ನಿಂತವರಿಗೆ ಲಟೋನಾ ಕಾರಂಜಿ ಕಾಣಿಸುವುದಿಲ್ಲ. ಮೆಟ್ಟಿಲ ಅಂಚಿಗೆ ಬಂದಾಗ ಅದು ಕಾಲಬುಡದಲ್ಲಿ ಥಟ್ಟನೆ ತೆರೆದುಕೊಳ್ಳುತ್ತದೆ. ಹತ್ತಿರವೆಂದು ತೋರಿದ ಕಾಲುವೆ ನಡೆದಷ್ಟೂ ದೂರ ಸರಿಯುತ್ತದೆ. ಇಳಿಜಾರನ್ನು ಹೀಗೆ ಕಣ್ಣಿಗೆ ಮೋಸವಾಗುವಂತೆ ದುಡಿಸಿಕೊಂಡದ್ದು ಲ ನೋತ್ರನ ಕೈಚಳಕ.

ಈ ನಡುಗೆರೆಯ ಎರಡೂ ಕಡೆ ಎತ್ತರದ ಮರಗಳನ್ನು ಗೋಡೆಯಂತೆ ಕತ್ತರಿಸಿ ನಿಲ್ಲಿಸಿದ ತೋಪುಗಳಿವೆ. ಪ್ರತಿ ತೋಪಿನ ಹೊಟ್ಟೆಯಲ್ಲಿ ಹೊರಗಿನವರಿಗೆ ಕಾಣದ ಒಂದು ಬಯಲು ಕೋಣೆ: ಒಂದರಲ್ಲಿ ಚಿಪ್ಪು ಮತ್ತು ಒರಟು ಕಲ್ಲುಗಳ ಮೆಟ್ಟಿಲ ಮೇಲೆ ನೀರು ಧುಮುಕುವ ನೃತ್ಯಶಾಲೆ, ಇನ್ನೊಂದರಲ್ಲಿ ಕಂಬಸಾಲು. ಈ ಉದ್ಯಾನ ಬರೀ ಜ್ಯಾಮಿತಿ, ಎಲ್ಲವೂ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ ಎಂಬ ದೂರು ಹೇಳುವವರು ಬಹುಶಃ ತೋಪುಗಳೊಳಗೆ ಕಾಲಿಟ್ಟಿರುವುದಿಲ್ಲ.

ಎಲ್ಲೆಲ್ಲೂ ಸೂರ್ಯ, ಅಪೊಲೊ ಏಕೆ? ಆ ಕಪ್ಪೆಗಳ ಕಥೆಯೇನು?

14ನೇ ಲೂಯಿ ತನ್ನನ್ನು ಸೂರ್ಯನಿಗೆ ಹೋಲಿಸಿಕೊಂಡಿದ್ದ, ಅಪೊಲೊ ಸೂರ್ಯದೇವ. ಜಾನ್-ಬಾತೀಸ್ತ್ ತ್ಯುಬಿ ಸೀಸದಲ್ಲಿ ಎರಕಹೊಯ್ದು ಚಿನ್ನದ ಲೇಪ ಕೊಟ್ಟ ರಥ ನೀರಿನಿಂದ ಮೇಲೇಳುತ್ತಿದೆ. ನಮ್ಮ ಸೂರ್ಯನ ರಥಕ್ಕೆ ಏಳು ಕುದುರೆ, ಇದಕ್ಕೆ ನಾಲ್ಕು. ರಥ ಪಶ್ಚಿಮದಿಂದ ಎದ್ದು ಅರಮನೆಯತ್ತ, ಅಂದರೆ ಪೂರ್ವಕ್ಕೆ ಮುಖಮಾಡಿದೆ ಎಂಬುದನ್ನು ಗಮನಿಸಬೇಕು. ಆಕಾಶದ ಸೂರ್ಯ ಹೋಗುವ ದಿಕ್ಕಿಗೆ ಇದು ತದ್ವಿರುದ್ಧ. ದೊರೆಯ ಎದುರು ಬೆನ್ನು ಹಾಕಿ ಹೋಗುವ ಧೈರ್ಯ ಸೂರ್ಯನಿಗೂ ಇರಲಿಲ್ಲವೇನೋ.

ಲಟೋನಾ ಅಪೊಲೊನ ತಾಯಿ. ಎರಡು ಎಳೆಗೂಸುಗಳನ್ನು ಎತ್ತಿಕೊಂಡು ಬಾಯಾರಿ ಬಂದ ಅವಳಿಗೆ ಲಿಸಿಯಾದ ಹಳ್ಳಿಗರು ಕೊಳದ ನೀರು ಕುಡಿಯಗೊಡದೆ, ಬೇಕೆಂದೇ ನೀರಿಗಿಳಿದು ಕೆಸರೆಬ್ಬಿಸಿದರು. ಶಾಪ ತಗುಲಿ ಅವರು ಕಪ್ಪೆಗಳಾದರು. ಮಾರ್ಸಿ ಸೋದರರು 1668ರಿಂದ 1670ರ ನಡುವೆ ಮಾಡಿದ ಈ ಶಿಲ್ಪದಲ್ಲಿ ಕೆಲವರು ಪೂರ್ತಿ ಕಪ್ಪೆಯಾಗಿದ್ದಾರೆ. ಕೆಲವರ ಮೈ ಮನುಷ್ಯನದೇ, ಬಾಯಿ ಮಾತ್ರ ಕಿವಿಯವರೆಗೆ ಹರಿದು ಕಪ್ಪೆಯದಾಗಿದೆ. ಆ ಅರ್ಧಂಬರ್ಧ ಬಾಯಿಗಳಿಂದಲೇ ನೀರು ಚಿಮ್ಮುತ್ತದೆ. ಬಾಯಾರಿದವರಿಗೆ ನೀರು ನಿರಾಕರಿಸಿದ ಪಾಪದ ಕಥೆಯನ್ನು, ನೀರೇ ಇಲ್ಲದ ದಿಬ್ಬದ ಮೇಲಿನ ತೋಟದ ನಟ್ಟನಡುವೆ ಇಟ್ಟದ್ದರಲ್ಲಿ ಯಾರಿಗೂ ಆಗ ವ್ಯಂಗ್ಯ ಕಂಡಂತಿಲ್ಲ. ಈಗಿರುವ ಎತ್ತರದ, ಸುತ್ತುಸುತ್ತಾಗಿ ಏರುವ ಅಮೃತಶಿಲೆಯ ಪೀಠ 1680ರ ದಶಕದ ಕೊನೆಯಲ್ಲಿ ಮಾನ್ಸಾರ್ ಸೇರಿಸಿದ್ದು. 2015ರಲ್ಲಿ ಇದರ ಜೀರ್ಣೋದ್ಧಾರ ಮುಗಿಯಿತು.

ಕಾರಂಜಿಗಳಿಗೆ ನೀರು ಎಲ್ಲಿಂದ ಬರುತ್ತಿತ್ತು?

ಇಡೀ ಉದ್ಯಾನದ ಇತಿಹಾಸ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ. ಕಾರಂಜಿ ಚಿಮ್ಮಬೇಕಾದರೆ ನೀರು ಅದಕ್ಕಿಂತ ಎತ್ತರದಲ್ಲಿ ನಿಂತಿರಬೇಕು. ವರ್ಸೇಲ್ಸ್‌ನಲ್ಲಿ ಅರಮನೆಯೇ ಎತ್ತರದಲ್ಲಿತ್ತು, ನೀರು ಕೆಳಗಿತ್ತು. ಮೊದಲಿಗೆ ಹತ್ತಿರದ ಕ್ಲಾನ್ಯಿ ಕೆರೆಯಿಂದ ಕುದುರೆಗಳು ತಿರುಗಿಸುವ ಪಂಪಿನಿಂದಲೂ ಗಾಳಿಯಂತ್ರಗಳಿಂದಲೂ ನೀರೆತ್ತಿ, ಮೇಲಿನ ತೊಟ್ಟಿಗಳಲ್ಲಿ ತುಂಬಿಸಿ, ಅಲ್ಲಿಂದ ಕೊಳವೆಗಳಲ್ಲಿ ಬಿಡುತ್ತಿದ್ದರು. ಕಾರಂಜಿಗಳ ಸಂಖ್ಯೆ ಏರಿದಂತೆ ಕೆರೆ ಬತ್ತುತ್ತ ಬಂತು. ಮುಂದೆ ಬಿಯೇವ್ರ್ ಹೊಳೆಯ ನೀರನ್ನು ತಿರುಗಿಸಿದರು. ಸುತ್ತಲಿನ ಪ್ರಸ್ಥಭೂಮಿಗಳ ಮೇಲೆ ಮಳೆನೀರು ಹಿಡಿಯಲು ಒಡ್ಡು ಕಟ್ಟಿ, ಕಾಲುವೆ ತೋಡಿ, ಕೆರೆಯಿಂದ ಕೆರೆಗೆ ಸರಪಳಿ ಜೋಡಿಸಿದರು. ಬಯಲುಸೀಮೆಯಲ್ಲಿ ಒಂದು ಕೆರೆಯ ಕೋಡಿ ಬಿದ್ದು ಮುಂದಿನ ಕೆರೆ ತುಂಬುವ ಏರ್ಪಾಡನ್ನು ಕಂಡವರಿಗೆ ಇದು ಹೊಸದೆನಿಸುವುದಿಲ್ಲ. ಒಂದೇ ವ್ಯತ್ಯಾಸ: ನಮ್ಮ ಕೆರೆಗಳ ನೀರು ಗದ್ದೆಗೆ, ಅಲ್ಲಿನ ನೀರು ಕಾರಂಜಿಗೆ.

ಲ್ವಾರ್ ನದಿಯನ್ನೇ ಕಾಲುವೆಯಿಂದ ತರಬಹುದೆಂಬ ಸಲಹೆಯೂ ಬಂದಿತ್ತು. ಖಗೋಳಜ್ಞ ಪಾದ್ರಿ ಪಿಕಾರ್ 1674ರಲ್ಲಿ ಮಟ್ಟ ಅಳೆದು, ನದಿಯ ಪಾತ್ರ ಸಾಕಷ್ಟು ಎತ್ತರದಲ್ಲಿಲ್ಲ, ನೀರು ಹರಿಯದು ಎಂದು ತೋರಿಸಿಕೊಟ್ಟ. ಅಳತೆಯೊಂದು ಇಷ್ಟು ಹಣ ಉಳಿಸಿದ ಉದಾಹರಣೆ ಆ ಆಳ್ವಿಕೆಯಲ್ಲಿ ವಿರಳ.

ನೀರು ಸಾಲದಿದ್ದರೆ ಇಷ್ಟೊಂದು ಕಾರಂಜಿಗಳನ್ನು ಹೇಗೆ ನಡೆಸುತ್ತಿದ್ದರು?

ಎಲ್ಲವನ್ನೂ ಒಟ್ಟಿಗೆ ನಡೆಸುತ್ತಿರಲಿಲ್ಲ. ಅರಮನೆಯ ಕಿಟಕಿಗಳಿಗೆ ಕಾಣುವ ಕೆಲವಕ್ಕೆ ಮಾತ್ರ ಹೆಚ್ಚು ಹೊತ್ತು ನೀರು. ಉಳಿದ ಕಡೆ, ದೊರೆ ಬರುವ ದಾರಿಯಲ್ಲಿ ಕಾರಂಜಿ ಕೆಲಸದವರು ತೂಬಿನ ಬಳಿ ಕಾದಿದ್ದು, ಅವನು ಹತ್ತಿರವಾಗುತ್ತಿದ್ದಂತೆ ಸೀಟಿ ಊದಿ ಮುಂದಿನವನಿಗೆ ಸುಳಿವು ಕೊಡುತ್ತಿದ್ದರು. ಆ ಕಾರಂಜಿ ಚಿಮ್ಮಿ ನಿಲ್ಲುವಷ್ಟರಲ್ಲಿ ದೊರೆ ಬಂದಿರುತ್ತಿದ್ದ. ಅವನು ತಿರುವಿನಲ್ಲಿ ಮರೆಯಾದೊಡನೆ ತೂಬು ಮುಚ್ಚುತ್ತಿತ್ತು. ನಮ್ಮ ಊರುಗಳ ನೀರಗಂಟಿ ಸರದಿ ನೋಡಿ ಗದ್ದೆಗೆ ನೀರು ಬಿಟ್ಟಂತೆ ಇವರು ಒಬ್ಬ ಮನುಷ್ಯನ ನಡಿಗೆ ನೋಡಿ ನೀರು ಬಿಡುತ್ತಿದ್ದರು. ದೊರೆಗೆ ಈ ಗುಟ್ಟು ಗೊತ್ತಿಲ್ಲದೆ ಇರಲಿಲ್ಲ. ಅತಿಥಿಗಳಿಗೆ ತೋಟ ತೋರಿಸಬೇಕಾದ ಕ್ರಮವನ್ನು ಅವನೇ 1689ರಿಂದ ಮೊದಲ್ಗೊಂಡು ಹಲವು ಬಾರಿ ಬರೆಸಿ ತಿದ್ದಿಸಿದ್ದಾನೆ: ಎಲ್ಲಿ ನಿಲ್ಲಬೇಕು, ಎತ್ತ ತಿರುಗಬೇಕು, ಯಾವ ಕಾರಂಜಿಯನ್ನು ಯಾವ ಕಡೆಯಿಂದ ನೋಡಬೇಕು. ಸೌಂದರ್ಯದ ಕೈಪಿಡಿಯಂತೆ ಕಾಣುವ ಈ ಬರಹ ನೀರಿನ ಸರದಿಯ ಪಟ್ಟಿಯೂ ಹೌದೆಂದು ನಮ್ಮ ಎಣಿಕೆ. ದಾರಿ ಒಂದೇ ಆಗಿದ್ದರೆ ತೂಬಿನವರಿಗೆ ಕೆಲಸ ಸುಲಭ.

ಮಾರ್ಲಿ ಯಂತ್ರ ಎಂದರೇನು?

ಸೇನ್ ನದಿಯ ನೀರನ್ನು ನದಿಯ ಬಲದಿಂದಲೇ ಬೆಟ್ಟ ಹತ್ತಿಸುವ ಸಾಹಸ. ಲಿಯೇಜ್ ಪ್ರಾಂತದ ಆರ್ನೋಲ್ ದ ವೀಲ್ ಮತ್ತು ಬಡಗಿ ರೆನೆಕೆಂ ಸುಆಲೆಮ್ 1681ರಲ್ಲಿ ಕಟ್ಟಲಾರಂಭಿಸಿ 1684ರಲ್ಲಿ ದೊರೆಯೆದುರು ಚಾಲೂ ಮಾಡಿದರು. ಹರಿವಿಗೆ ಅಡ್ಡಲಾಗಿ 14 ಬೃಹತ್ ಗಾಲಿಗಳು, ದಡದಿಂದ ಬೆಟ್ಟದ ತುದಿಯವರೆಗೆ ಮೂರು ಹಂತಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಂಪುಗಳು, ಅವಕ್ಕೆ ಚಲನೆ ಮುಟ್ಟಿಸಲು ಇಳಿಜಾರಿನುದ್ದಕ್ಕೂ ಹಿಂದೆ ಮುಂದೆ ಜಗ್ಗಾಡುವ ಕಬ್ಬಿಣದ ಸರಳುಗಳು. ನೀರು ಸುಮಾರು 150 ಮೀಟರ್ ಮೇಲೇರಿ ಕಮಾನುಗಾಲುವೆಗೆ ಬೀಳುತ್ತಿತ್ತು. ಅದರ ಕಿರುಗುಟ್ಟುವ ಸದ್ದು ಸುತ್ತಲಿನವರ ನಿದ್ದೆ ಕೆಡಿಸುತ್ತಿತ್ತು. ಮರದ ಭಾಗಗಳು ಸವೆಯುತ್ತಿದ್ದವು, ತೊಗಲಿನ ಬಿಲ್ಲೆಗಳು ಸೋರುತ್ತಿದ್ದವು, ರಿಪೇರಿಗೆ ಕೊನೆಯೇ ಇರಲಿಲ್ಲ. ಕಡೆಗೆ ದೊರೆ ಮಾರ್ಲಿಯಲ್ಲಿ ಕಟ್ಟಿಸಿಕೊಂಡ ಇನ್ನೊಂದು ಅರಮನೆಯ ಕಾರಂಜಿಗಳೇ ಈ ನೀರಿನ ದೊಡ್ಡ ಪಾಲನ್ನು ಕುಡಿದುಬಿಟ್ಟವು. ಆದರೂ ಗಾಲಿಗಳು 1817ರವರೆಗೆ ತಿರುಗಿದವು.

ಇದೂ ಸಾಲದೆ ಇನ್ನೇನಾದರೂ ಮಾಡಿದರೇ?

ಮಾಡಿದರು, ಸೋತರು. 1685ರಲ್ಲಿ ಏರ್ ನದಿಯನ್ನು ಸುಮಾರು 80 ಕಿಲೋಮೀಟರ್ ದೂರದಿಂದ ತರಲು ಕೋಟೆಕಟ್ಟಡಗಳ ನಿಪುಣ ವೋಬಾನನ ನೇತೃತ್ವದಲ್ಲಿ ಕಾಲುವೆ ಶುರುವಾಯಿತು. ಕಣಿವೆ ದಾಟಿಸಲು ಮೇಂತನೋನ್ ಎಂಬಲ್ಲಿ ಮೂರು ಅಂತಸ್ತಿನ ಕಮಾನುಸಾಲು ಏಳಬೇಕಿತ್ತು. ಅಗೆಯಲು ಬಂದವರು ಸೈನಿಕರು; ಒಂದು ಹಂತದಲ್ಲಿ ಸುಮಾರು 30,000 ಮಂದಿ. ಕದಡಿದ ಜೌಗಿನಿಂದ ಜ್ವರ ಹಬ್ಬಿ ಸಾವಿರಾರು ಜನ ಸತ್ತರು. 1688ರಲ್ಲಿ ಯುದ್ಧ ಬಂದು ಸೈನಿಕರು ಗಡಿಗೆ ಹೋದರು, ಕೆಲಸ ಮತ್ತೆ ಮುಂದುವರಿಯಲಿಲ್ಲ. ಮೊದಲ ಅಂತಸ್ತಿನ ಕಮಾನುಗಳು ಬಳ್ಳಿ ಹಬ್ಬಿಸಿಕೊಂಡು ಇಂದಿಗೂ ಮೇಂತನೋನ್ ಅರಮನೆಯ ತೋಟದಲ್ಲಿ ನಿಂತಿವೆ. ವರ್ಸೇಲ್ಸ್‌ಗೆ ಅವುಗಳ ಮೇಲಿಂದ ಒಂದು ಹನಿ ನೀರೂ ಬರಲಿಲ್ಲ.

ಕೂಲಿಕಾರರ ಸಾವು ಇದೊಂದೇ ಕೆಲಸಕ್ಕೆ ಸೀಮಿತವಲ್ಲ. ಅರಮನೆಯ ಕಾಮಗಾರಿಯಲ್ಲಿ ಸತ್ತವರನ್ನು ರಾತ್ರಿ ಹೊತ್ತು ಗಾಡಿಗಳಲ್ಲಿ ತುಂಬಿ ಒಯ್ಯುತ್ತಿದ್ದುದನ್ನು ಆ ಕಾಲದ ಹೆಸರಾಂತ ಪತ್ರಲೇಖಕಿ ಮದಾಂ ದ ಸೆವಿನ್ಯೆ 1678ರ ಪತ್ರವೊಂದರಲ್ಲಿ ಬರೆದಿದ್ದಾಳೆ.

ಮಹಾ ಕಾಲುವೆ ಬರೀ ಅಲಂಕಾರವೇ?

ಅಲ್ಲ. 1668ರಿಂದ 1679ರವರೆಗೆ ತೋಡಿದ, ಶಿಲುಬೆಯ ಆಕಾರದ ಈ ಕಾಲುವೆ ಸುಮಾರು 1,670 ಮೀಟರ್ ಉದ್ದ, 62 ಮೀಟರ್ ಅಗಲವಿದೆ. ತಗ್ಗಿನ ಜೌಗುನೀರೆಲ್ಲ ಬಂದು ಸೇರುವುದು ಇದಕ್ಕೆ. ಜೌಗನ್ನು ಒಣಗಿಸುವ ಚರಂಡಿಯೇ ನೋಟದ ಶಿಖರವೂ ಆಯಿತು. ವೆನಿಸ್ ಗಣರಾಜ್ಯ ಕಳಿಸಿದ ಗೊಂಡೋಲಾ ದೋಣಿಗಳ ಜೊತೆಗೆ ಬಂದ ಅಂಬಿಗರು ದಡದಲ್ಲೇ ಮನೆ ಮಾಡಿಕೊಂಡಿದ್ದರು. ಆ ಜಾಗಕ್ಕೆ ಇಂದಿಗೂ ಪುಟ್ಟ ವೆನಿಸ್ ಎಂಬ ಹೆಸರಿದೆ.

ಚಳಿಯ ದೇಶದಲ್ಲಿ ಕಿತ್ತಳೆ ಗಿಡಗಳು ಹೇಗೆ ಬದುಕುತ್ತವೆ?

ಪೆಟ್ಟಿಗೆಗಳಲ್ಲಿ. ಮಾನ್ಸಾರ್ 1684ರಿಂದ 1686ರೊಳಗೆ ಕಟ್ಟಿದ ಕಿತ್ತಳೆಮನೆ ದಕ್ಷಿಣಕ್ಕೆ ಮುಖಮಾಡಿದೆ. ಅದರ ನಡುಸಾಲೆ 150 ಮೀಟರಿಗೂ ಉದ್ದ. ದಪ್ಪ ಗೋಡೆ, ಎತ್ತರದ ಗಾಜುಕಿಟಕಿಗಳಿಂದಾಗಿ ಬೆಂಕಿಯಿಲ್ಲದೆಯೇ ಚಳಿಗಾಲದಲ್ಲೂ ಒಳಗೆ ನೀರು ಹೆಪ್ಪುಗಟ್ಟುವುದಿಲ್ಲ. ಕಿತ್ತಳೆ, ದಾಳಿಂಬೆ, ಕಣಗಿಲೆ, ತಾಳೆಜಾತಿಯ ಗಿಡಗಳು ಸಾವಿರಕ್ಕೂ ಹೆಚ್ಚು ಇವೆ. ಮೇ ನಡುವಿನಲ್ಲಿ ಅವನ್ನು ಚೌಕ ಪೆಟ್ಟಿಗೆಗಳ ಸಮೇತ ಅಂಗಳಕ್ಕೆ ತರುತ್ತಾರೆ, ಅಕ್ಟೋಬರಿನಲ್ಲಿ ಒಳಕ್ಕೆ ಒಯ್ಯುತ್ತಾರೆ. ಬೇಲಿಯ ಬದಿಯಲ್ಲಿ ತಾನಾಗಿ ಬೆಳೆಯುವ ನಮ್ಮ ಕಣಗಿಲೆಗೆ ಅಲ್ಲಿ ಸಿಗುವ ರಾಜೋಪಚಾರ ನೋಡಿದರೆ ನಗು ಬರುತ್ತದೆ.

ತರಕಾರಿ ತೋಟವೂ ಇತ್ತಂತೆ, ಹೌದೇ?

ಇತ್ತು, ಈಗಲೂ ಇದೆ. ವಕೀಲಿಕೆ ಬಿಟ್ಟು ತೋಟಗಾರನಾದ ಲ ಕೇಂತಿನೀ 1678ರಿಂದ 1683ರ ಅವಧಿಯಲ್ಲಿ ಸುಮಾರು 9 ಹೆಕ್ಟೇರ್ ಜೌಗುನೆಲದಲ್ಲಿ ಅದನ್ನು ಎಬ್ಬಿಸಿದ. ಪಕ್ಕದಲ್ಲೇ ಸ್ವಿಸ್ ಕಾವಲುಪಡೆಯವರು ತೋಡುತ್ತಿದ್ದ ದೊಡ್ಡ ಕೊಳದ ಮಣ್ಣನ್ನು ಇಲ್ಲಿ ತುಂಬಿದರು. ಹಸಿ ಕುದುರೆಗೊಬ್ಬರದ ಕಾವು, ಗಾಜಿನ ಗಂಟೆಮುಚ್ಚಳ, ಬಿಸಿಲು ಹಿಡಿದಿಡುವ ಗೋಡೆ ಇವುಗಳ ಬಲದಿಂದ ಅವನು ಮಾರ್ಚ್ ಕೊನೆಗೆ ಸ್ಟ್ರಾಬೆರಿ, ಜೂನ್‌ನಲ್ಲಿ ಅಂಜೂರ ಒದಗಿಸುತ್ತಿದ್ದ. ದೊರೆಗೆ ಅಂಜೂರವೆಂದರೆ ಪ್ರಾಣ.

ಅಲ್ಲಿ ಯಾವ ಹೂಗಳನ್ನು ಬೆಳೆಸುತ್ತಿದ್ದರು?

ಮುಖ್ಯ ಉದ್ಯಾನದಲ್ಲಿ ಹೂವಿಗಿಂತ ಹಸಿರು, ಕಲ್ಲು, ನೀರುಗಳದೇ ದೊಡ್ಡಸ್ತಿಕೆ. ಹೂವಿನ ಸಿರಿ ಇದ್ದದ್ದು ದೊರೆ ಏಕಾಂತಕ್ಕೆ ಹೋಗುತ್ತಿದ್ದ ತ್ರಿಯಾನೋನ್‌ನಲ್ಲಿ. ಅಲ್ಲಿ ಹೂಗಿಡಗಳನ್ನು ಕುಂಡಗಳಲ್ಲಿ ಬೆಳೆಸಿ, ಕುಂಡ ಸಮೇತ ಪಾತಿಗಳಲ್ಲಿ ಹೂಳುತ್ತಿದ್ದರು. ಬಾಡಿದವನ್ನು ಕಿತ್ತು ಬೇರೆ ಇಟ್ಟರೆ ರಾತ್ರಿ ಬೆಳಗಾಗುವುದರಲ್ಲಿ ತೋಟದ ಬಣ್ಣವೇ ಬದಲಾಗಿರುತ್ತಿತ್ತು. ಇದಕ್ಕಾಗಿ ಲಕ್ಷಗಟ್ಟಲೆ ಕುಂಡಗಳು ದಾಸ್ತಾನಿದ್ದವು. ಅಲ್ಲಿನ ಅಚ್ಚುಮೆಚ್ಚಿನ ಹೂಗಳಲ್ಲೊಂದು ನಮ್ಮ ಮದುವೆಮನೆಗಳ ಸುಗಂಧರಾಜ. ಮೂಲತಃ ಮೆಕ್ಸಿಕೊದ ಈ ಹೂವು ಸಂಜೆ ಹೊತ್ತು ಎಷ್ಟು ದಟ್ಟವಾಗಿ ಪರಿಮಳ ಚೆಲ್ಲುತ್ತಿತ್ತೆಂದರೆ ಕೆಲವು ಸಂಜೆ ಯಾರಿಗೂ ಅಲ್ಲಿ ನಿಲ್ಲಲಾಗದೆ ಎಲ್ಲರೂ ಎದ್ದುಹೋಗುತ್ತಿದ್ದರೆಂದು ಸೇಂತ್-ಸಿಮೋಂ ಹೇಳುತ್ತಾನೆ. ಮುಚ್ಚಿದ ಕಲ್ಯಾಣಮಂಟಪದಲ್ಲಿ ಸುಗಂಧರಾಜದ ಹಾರಗಳ ಪಕ್ಕ ಕುಳಿತವರಿಗೆ ಈ ಮಾತನ್ನು ವಿವರಿಸಬೇಕಿಲ್ಲ.

ಅಲ್ಲಿದ್ದ ದಾರಿತಪ್ಪಿಸುವ ತೋಪು ಏನಾಯಿತು?

ಈಸೋಪನ ಕಥೆಗಳನ್ನು ಹೇಳುವ 39 ಕಾರಂಜಿಗಳು, ಬಣ್ಣ ಬಳಿದ ಸೀಸದ 333 ಪ್ರಾಣಿಪಕ್ಷಿಗಳು ಅದರ ಸುತ್ತುಬಳಸು ದಾರಿಗಳಲ್ಲಿದ್ದವು. ಕಥೆಗಾರ ಷಾರ್ಲ್ ಪೆರೋ ಸಲಹೆಯಂತೆ 1670ರ ದಶಕದಲ್ಲಿ ಸಿದ್ಧವಾಗಿತ್ತು. ನಿರ್ವಹಣೆ ದುಬಾರಿಯೆಂದು 16ನೇ ಲೂಯಿಯ ಕಾಲದಲ್ಲಿ ಕಿತ್ತುಹಾಕಿ ಅಲ್ಲಿ ರಾಣಿಯ ತೋಪು ನೆಟ್ಟರು. ಉದ್ಯಾನ ಕಳೆದುಕೊಂಡ ಎಲ್ಲದರ ಪೈಕಿ ಇದರ ನಷ್ಟವೇ ದೊಡ್ಡದೆಂದು ನಮಗನ್ನಿಸುತ್ತದೆ.

ಈಗಿರುವ ಮರಗಳು 14ನೇ ಲೂಯಿಯ ಕಾಲದವೇ?

ಇಲ್ಲ, ಮತ್ತು ಇದನ್ನು ತಿಳಿಯದೆ ಈ ಉದ್ಯಾನ ಅರ್ಥವಾಗದು. ಕಾಡುಗಳಿಂದ ದೊಡ್ಡ ಮರಗಳನ್ನೇ ಬೇರುಸಹಿತ ಕಿತ್ತುತಂದು ನೆಟ್ಟಿದ್ದರು. ಎಷ್ಟೋ ಸತ್ತವು, ಮತ್ತೆ ನೆಟ್ಟರು. ನೂರು ವರ್ಷದಲ್ಲಿ ಉಳಿದವೂ ಮುಪ್ಪಾದವು. 16ನೇ ಲೂಯಿ 1774ರಲ್ಲಿ ಪಟ್ಟಕ್ಕೆ ಬಂದೊಡನೆ ಉದ್ಯಾನದ ಮರಗಳನ್ನೆಲ್ಲ ಕಡಿಸಿ ಹೊಸದಾಗಿ ನೆಡಿಸಿದ. ಉರುಳಿದ ದಿಮ್ಮಿಗಳ ನಡುವೆ ಶಿಲ್ಪಗಳು ಅನಾಥವಾಗಿ ನಿಂತಿರುವ ನೋಟವನ್ನು ಉಬೇರ್ ರೊಬೇರ್ ಎರಡು ಚಿತ್ರಗಳಲ್ಲಿ ಬರೆದಿಟ್ಟಿದ್ದಾನೆ. ಹತ್ತೊಂಬತ್ತನೇ ಶತಮಾನದಲ್ಲಿ ಇನ್ನೊಮ್ಮೆ ನೆಡಲಾಯಿತು. ಕಲ್ಲಿನ ಅರಮನೆ ಒಮ್ಮೆ ಕಟ್ಟಿದರೆ ಆಯಿತು, ತೋಟವನ್ನು ಮಾತ್ರ ಪ್ರತಿ ಶತಮಾನವೂ ಮತ್ತೆ ಕಟ್ಟಬೇಕು.

1999ರ ಡಿಸೆಂಬರ್ 26ರ ಬಿರುಗಾಳಿ ಈ ಸರದಿಯನ್ನು ತಾನೇ ಪೂರೈಸಿತು. ಕೆಲವೇ ಗಂಟೆಗಳಲ್ಲಿ ಹತ್ತು ಸಾವಿರದಷ್ಟು ಮರಗಳು ಬಿದ್ದವು; 16ನೇ ಲೂಯಿಯ ರಾಣಿ ಮೇರಿ ಆಂಟೋನೆಟ್ ಕಾಲದ ಅಮೆರಿಕದ ಟ್ಯೂಲಿಪ್ ಮರವೂ ಅವುಗಳಲ್ಲಿ ಸೇರಿತ್ತು. 1990ರ ಬಿರುಗಾಳಿಯ ನಂತರ ಮರುನೆಡುವಿಕೆ ಹೇಗೂ ಶುರುವಾಗಿತ್ತು. ಈ ಹೊಡೆತ ಅದಕ್ಕೆ ವೇಗ ಕೊಟ್ಟಿತು. ಹೀಗಾಗಿ ಇಂದು ಕಾಣುವ ತೋಪುಗಳ ಎತ್ತರ, ಹುರುಪು ಎರಡೂ 14ನೇ ಲೂಯಿ ಕಂಡದ್ದಕ್ಕೆ ಹತ್ತಿರವಾಗಿವೆ.

ಮೇರಿ ಆಂಟೋನೆಟ್ ಕಟ್ಟಿಸಿದ ಹಳ್ಳಿ ನಿಜವಾದದ್ದೇ?

15ನೇ ಲೂಯಿ ಪುಟ್ಟ ತ್ರಿಯಾನೋನ್ ಬಳಿ ಸಸ್ಯಶಾಸ್ತ್ರದ ತೋಟ ಬೆಳೆಸಿದ್ದ. ಬೆರ್ನಾರ್ ದ ಜ್ಯುಸ್ಯೂ 1759ರಲ್ಲಿ ಅಲ್ಲಿ ಗಿಡಗಳನ್ನು ಅವುಗಳ ಸಹಜ ಕುಟುಂಬಗಳ ಪ್ರಕಾರ ಜೋಡಿಸಿದ್ದು ಸಸ್ಯಶಾಸ್ತ್ರದಲ್ಲೇ ಒಂದು ತಿರುವು. 1774ರಲ್ಲಿ ಆ ಜಾಗ ರಾಣಿಯ ಪಾಲಾದಾಗ ಆ ಗಿಡಗಳು ಪ್ಯಾರಿಸ್ಸಿಗೆ ಹೋದವು, ಅಲ್ಲಿ ಇಂಗ್ಲಿಷ್ ಮಾದರಿಯ, ಬಳುಕು ದಾರಿಗಳ ತೋಟ ಬಂತು. 1783ರಿಂದ ವಾಸ್ತುಶಿಲ್ಪಿ ರಿಶಾರ್ ಮೀಕ್ ಕೊಳದ ದಡದಲ್ಲಿ ಹುಲ್ಲುಚಾವಣಿಯ ಮನೆಗಳ ಹಳ್ಳಿಯನ್ನೇ ಕಟ್ಟಿದ. ಹೊಸ ಗೋಡೆಗಳ ಮೇಲೆ ಬಿರುಕು, ಸವೆತಗಳನ್ನು ಬಣ್ಣದಲ್ಲಿ ಬರೆಸಿ ಹಳತೆನಿಸುವಂತೆ ಮಾಡಿದ್ದರು. ಆದರೂ ಅದು ಬರೀ ನಾಟಕದ ರಂಗಸಜ್ಜಿಕೆಯಾಗಿರಲಿಲ್ಲ. ಹಸುಗಳಿದ್ದವು, ಹಾಲು ಮೊಟ್ಟೆ ತರಕಾರಿ ಬರುತ್ತಿತ್ತು. 1789ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಹೆಂಗಸರು ರೊಟ್ಟಿಗಾಗಿ ವರ್ಸೇಲ್ಸ್‌ನತ್ತ ಹೊರಟ ಸುದ್ದಿ ಮುಟ್ಟಿದಾಗ ರಾಣಿ ಈ ತ್ರಿಯಾನೋನ್ ತೋಟದಲ್ಲಿದ್ದಳು.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಉದ್ಯಾನ ಉಳಿದದ್ದು ಹೇಗೆ?

ಜಾಗವನ್ನು ತುಂಡುತುಂಡಾಗಿ ಮಾರುವ ಮಾತು ಎದ್ದಿತ್ತು. ತೋಟಗಾರ ಆಂತ್ವಾನ್ ರಿಶಾರ್ ಮತ್ತಿತರರು ಇದು ಜನರಿಗೆ ಉಪಯೋಗಕ್ಕೆ ಬರುತ್ತದೆಂದು ವಾದಿಸಿದರು. ಅಲಂಕಾರದ ಪಾತಿಗಳಲ್ಲಿ ತರಕಾರಿ, ಹಣ್ಣಿನ ಗಿಡ ಎದ್ದವು. ಆಲೂಗಡ್ಡೆಯಿಂದ ಉಳಿದ ಉದ್ಯಾನ ಎಂದರೆ ಪೂರ್ತಿ ತಪ್ಪಾಗದು. 1979ರಲ್ಲಿ ಯುನೆಸ್ಕೊ ಅರಮನೆಯನ್ನೂ ಉದ್ಯಾನವನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಟಿಪ್ಪು ಸುಲ್ತಾನನ ರಾಯಭಾರಿಗಳು ಇಲ್ಲಿಗೆ ಬಂದಿದ್ದರೇ?

ಬಂದಿದ್ದರು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1788ರ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿಳಿದು, ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ 16ನೇ ಲೂಯಿಯನ್ನು ಕಂಡರು. ಬ್ರಿಟಿಷರ ವಿರುದ್ಧ ಸೈನ್ಯದ ನೆರವು ಮುಖ್ಯ ಬೇಡಿಕೆ. ಅದರ ಜೊತೆಗೆ ಕುಶಲಕರ್ಮಿಗಳು, ಹೂಗಿಡಗಳ ಬೀಜಗಳು ಕೂಡ ಬೇಕೆಂದು ಟಿಪ್ಪು ಕೇಳಿದ್ದ. ತಂದೆ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗನ್ನು ಬೆಳೆಸುತ್ತಿದ್ದವನಿಗೆ ಇದು ಸಹಜ. ಸೈನ್ಯ ಸಿಗಲಿಲ್ಲ, ಖಾಲಿಯಾದ ಬೊಕ್ಕಸದ ದೊರೆಗೆ ಉಪಚಾರ ಮಾಡುವುದಷ್ಟೇ ಸಾಧ್ಯವಿತ್ತು. ರಾಯಭಾರಿಗಳು ಸೇಂತ್-ಕ್ಲೂ ಅರಮನೆಯ ಉದ್ಯಾನದಲ್ಲಿ ಜನಜಂಗುಳಿಯ ನಡುವೆ ನಡೆದಾಡುತ್ತಿರುವ ಚಿತ್ರವೊಂದು ಉಳಿದಿದೆ. ಆ ಆಗಸ್ಟ್‌ನಲ್ಲಿ ವರ್ಸೇಲ್ಸ್‌ನ ತೋಪುಗಳು, 1770ರ ದಶಕದ ಮರುನೆಡುವಿಕೆಯ ಲೆಕ್ಕ ಹಿಡಿದರೆ, ಇನ್ನೂ ಹನ್ನೆರಡು ವರ್ಷದ ಎಳೆಯ ಮರಗಳವು.

ನಮ್ಮ ಬೃಂದಾವನಕ್ಕೆ ವರ್ಸೇಲ್ಸ್ ಮಾದರಿಯೇ?

ಸಾಲುಕಾರಂಜಿಗಳನ್ನು ನೋಡಿ ಹಾಗೆ ಹೇಳುವವರಿದ್ದಾರೆ. ಆದರೆ ದಿವಾನ್ ಮಿರ್ಜಾ ಇಸ್ಮಾಯಿಲ್ ಕಣ್ಣಮುಂದಿದ್ದದ್ದು ಕಾಶ್ಮೀರದ ಶಾಲಿಮಾರ್, ಅಂದರೆ ಮೊಗಲರ ಮೆಟ್ಟಿಲುತೋಟ. 1932ರಲ್ಲಿ ಪೂರ್ಣಗೊಂಡ ಬೃಂದಾವನಕ್ಕೆ ಇನ್ನೊಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಕೃಷ್ಣರಾಜಸಾಗರದ ನೀರು ಕಟ್ಟೆಯ ಹಿಂದೆ ತೋಟಕ್ಕಿಂತ ಎಷ್ಟೋ ಎತ್ತರದಲ್ಲಿ ನಿಂತಿರುತ್ತದೆ, ಬಿಟ್ಟರೆ ಸಾಕು ಇಳಿದು ಚಿಮ್ಮುತ್ತದೆ. ನೀರಿದ್ದ ಕಡೆ ತೋಟ ಮಾಡಿದ್ದು ಬೃಂದಾವನ, ತೋಟವಿದ್ದ ಕಡೆಗೆ ನೀರು ಎಳೆದದ್ದು ವರ್ಸೇಲ್ಸ್.

ಇಂದು ಕಾರಂಜಿಗಳು ಯಾವಾಗ ಚಿಮ್ಮುತ್ತವೆ?

ಈಗ ಉಳಿದಿರುವುದು 55 ಕೊಳಗಳು, ಸುಮಾರು 600 ಚಿಮ್ಮುಗಳು, ನೆಲದಡಿಯಲ್ಲಿ ಸುಮಾರು 35 ಕಿಲೋಮೀಟರ್ ಕೊಳವೆ. ಆ ಕೊಳವೆಗಳಲ್ಲಿ ಹಲವು 17ನೇ ಶತಮಾನದ ಎರಕದ ಕಬ್ಬಿಣದವೇ. ಕಾಲುವೆಯ ನೀರನ್ನು ವಿದ್ಯುತ್ ಪಂಪುಗಳು ಮೇಲಿನ ತೊಟ್ಟಿಗಳಿಗೆ ಏರಿಸುತ್ತವೆ, ಅಲ್ಲಿಂದ ಕೆಳಗೆ ಹಳೆಯ ಪದ್ಧತಿಯಂತೆ ಬರೀ ಇಳಿಜಾರಿನ ಒತ್ತಡ. ಬಳಸಿದ ನೀರು ಮತ್ತೆ ಕಾಲುವೆಗೆ. ಉದ್ಯಾನಕ್ಕೆ ಸಾಮಾನ್ಯ ದಿನಗಳಲ್ಲಿ ಪ್ರವೇಶ ಉಚಿತ, ವಸಂತದಿಂದ ಶರತ್ಕಾಲದವರೆಗಿನ ಕಾರಂಜಿ ಪ್ರದರ್ಶನದ ದಿನಗಳಲ್ಲಿ ಟಿಕೆಟ್ ಬೇಕು. ಆ ದಿನಗಳಲ್ಲೂ ನೀರು ಬಿಡುವುದು ಗೊತ್ತಾದ ಗಂಟೆಗಳಲ್ಲಿ ಮಾತ್ರ, ಕೆಲವು ತೋಪುಗಳಲ್ಲಿ ಕೆಲವೇ ನಿಮಿಷ. ಆದ್ದರಿಂದ ಹೋಗುವವರು ವೇಳಾಪಟ್ಟಿ ನೋಡಿಕೊಂಡು, ನೀರು ಬಿಡುವ ಹೊತ್ತಿಗೆ ಆಯಾ ಕಾರಂಜಿಯ ಮುಂದೆ ಇರುವಂತೆ ದಾರಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ದೊರೆಗಾಗಿ ನೀರು ಕಾಯುತ್ತಿತ್ತು. ಈಗ ನೀರಿಗಾಗಿ ನಾವು ಕಾಯಬೇಕು.